ಲಕ್ಕುಂಡಿ ಮುಟ್ಟಿ ಬರುವ 180 ಕಿಲೋಮೀಟರ್: ತಯಾರಿಯ ಟಿಪ್ಪಣಿ

ಮಹಾನವಮಿ ಮುಗಿದ ವಾರ

ನಮ್ಮ ಗೆಳೆಯರ ಗುಂಪಿನ ಸೈಕಲ್ ಸವಾರಿಗೆ ಹೆಸರು ಕೊಟ್ಟಾಯಿತು. ಜನವರಿ ಕೊನೆಗೆ ಒಂದು ಭಾನುವಾರ. ಹುಬ್ಬಳ್ಳಿಯಿಂದ ಹೊರಟು ಅಣ್ಣಿಗೇರಿ, ಗದಗ ದಾಟಿ ಲಕ್ಕುಂಡಿ ಮುಟ್ಟಬೇಕು. ವಾಪಸ್ ಗದಗಿಗೆ ಬಂದು ಮುಳಗುಂದ, ಲಕ್ಷ್ಮೇಶ್ವರ, ಗುಡಗೇರಿ, ಕುಂದಗೋಳದ ಮೇಲೆ ಹಾಯ್ದು ಮನೆ. ಸುಮಾರು 180 ಕಿಲೋಮೀಟರ್, ಒಂದೇ ದಿನ. ರೇಸ್ ಅಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಊಟ.

ಯಾತಕ್ಕೆ? ಅಣ್ಣಿಗೇರಿ ಆಚೆ ಒಳಗಿನ ಹಳ್ಳಿಯೊಂದರ ಹುಡುಗಿಯರಿಗೆ ಸೈಕಲ್ ಕೊಡಿಸಲಿಕ್ಕೆ. ಆ ಊರಲ್ಲಿ ಏಳನೇ ಕ್ಲಾಸಿನ ತನಕ ಶಾಲೆ ಇದೆ. ಎಂಟಕ್ಕೆ ಪಕ್ಕದ ದೊಡ್ಡ ಊರಿಗೆ ಹೋಗಬೇಕು, ಹೊಲದ ದಾರಿಯಲ್ಲಿ ಒಂದು ತಾಸಿನ ನಡಿಗೆ. ಎರಿ ಮಣ್ಣಿನ ಸೀಮೆ ಅದು. ಮಳೆ ಬಿದ್ದ ಮರುದಿನ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಕಾಲು ಎತ್ತಿಡುವುದೇ ಕಷ್ಟ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತು, ಕೊರೊನಾ ಕಾಲಕ್ಕೆ ಅದು ನಿಂತಿತು. ಆ ಸೈಕಲ್ ಸಿಕ್ಕವರಲ್ಲಿ ನಾನೂ ಒಬ್ಬಳು. ಪಿಯುಸಿ ಮುಗಿಯುವ ತನಕ ಅದರ ಮೇಲೇ ತಿರುಗಿದೆ. ಇದಕ್ಕಿಂತ ಹೆಚ್ಚಿನ ಕಾರಣ ಹುಡುಕಲು ಹೋಗಲಿಲ್ಲ.

ಈಗಿನ ಸೈಕಲ್ ಹೈಬ್ರಿಡ್. ಗೇರ್ ಇದೆ, 35 ಎಂಎಂ ಟೈರು. ತೆಳು ಟೈರಿನ ರೋಡ್ ಬೈಕ್ ತಗೋ ಎಂದು ಗುಂಪಿನ ಹುಡುಗರು ತಲೆ ತಿಂದರು. ಲಕ್ಷ್ಮೇಶ್ವರದಿಂದ ಈಚೆಗಿನ ಒಳರಸ್ತೆ ನೋಡಿದವರು ಯಾರೂ ಹಾಗೆ ಹೇಳುವುದಿಲ್ಲ. ಬೇಲಿ ಕಡಿದು ದಾರಿ ಮೇಲೆ ಹಾಕಿದ ಜಾಲಿ ಮುಳ್ಳಿಗೆ ದಪ್ಪ ಟೈರೇ ಸರಿಯಾಗಿ ತಡೆಯುವುದಿಲ್ಲ, ಇನ್ನು ತೆಳು ಟೈರಿನ ಗತಿ ಏನು?

ದೀಪಾವಳಿ ಹೊತ್ತಿಗೆ

ದಿನಾ ಬೆಳಗ್ಗೆ ಉಣಕಲ್ ಕೆರೆ ತನಕ, ಭಾನುವಾರ ಧಾರವಾಡಕ್ಕೆ. ಹುಬ್ಬಳ್ಳಿಯಿಂದ ಧಾರವಾಡ 20 ಕಿಲೋಮೀಟರ್ ಅಷ್ಟೇ, ಆದರೆ ಧಾರವಾಡ ಎತ್ತರದಲ್ಲಿದೆ. ಬಸ್ಸಿನಲ್ಲಿ ಕೂತರೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ನವಲೂರು ಬರುವಷ್ಟರಲ್ಲಿ ತೊಡೆಗೆ ಗೊತ್ತಾಗುತ್ತದೆ. ಬರುವಾಗ ಮಾತ್ರ ಆರಾಮ, ಜೇಬಲ್ಲಿ ಪೇಡೆ ಡಬ್ಬಿ ಬೇರೆ.

ಸೀಟಿನ ಎತ್ತರ ಸರಿ ಮಾಡಿಸಿದೆ. ಹಿಮ್ಮಡಿಯನ್ನು ಪ್ಯಾಡಲ್ ಮೇಲಿಟ್ಟಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಚೂರು ಬಾಗಿರುತ್ತದೆ. ಇಷ್ಟು ಮಾಡಿದ್ದಕ್ಕೇ ಮಂಡಿ ನೋವು ಹೋಯಿತು. ಮೆತ್ತನೆಯ ಜೆಲ್ ಕವರ್ ತೆಗೆದು ಒಗೆದೆ. ಅರ್ಧ ತಾಸಿಗೆ ಅದು ಚೆನ್ನ, ನಾಲ್ಕು ತಾಸಿಗೆ ಶಿಕ್ಷೆ. ಪ್ಯಾಡ್ ಇರುವ ಚಡ್ಡಿ ಹಾಕಿ ಅದರ ಮೇಲೆ ಸಡಿಲ ಪ್ಯಾಂಟು. ಓಣಿಯವರ ಕಣ್ಣಿಗೂ ಸಮಾಧಾನ, ನನಗೂ ಸಮಾಧಾನ.

ಕಾಲಿನ ಕೆಲಸ ಸರಿಯಾಗಿ ನಡೆದಿದೆ. ನಡೆಯದೇ ಇರುವುದು ರೊಕ್ಕ ಕೇಳುವ ಕೆಲಸ.

ಪ್ಲ್ಯಾನ್ ಹೀಗಿತ್ತು: ಪ್ರತಿಯೊಬ್ಬ ಸವಾರರೂ ತಮ್ಮ ಗುರುತಿನವರ ಹತ್ತಿರ 'ನಾನು ಹೊಡೆಯುವ ಪ್ರತಿ ಕಿಲೋಮೀಟರಿಗೆ ಇಷ್ಟು ಕೊಡಿ' ಎಂದು ಕೇಳಬೇಕು. ಬೆಂಗಳೂರಿನಲ್ಲಿರುವ ಗೆಳತಿಯರು ಕೂಡಲೇ ಒಪ್ಪಿದರು. ಅಲ್ಲಿ ಆಫೀಸಿನವರು ಮ್ಯಾರಥಾನ್ ಓಡುವುದು, ಚಂದಾ ಎತ್ತುವುದು ಎಲ್ಲ ರೂಢಿ. ಆದರೆ ದುರ್ಗದಬೈಲಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಸೈಕಲ್ ಹೊಡಿಯಾಕಿ ನೀನು. ಮೈ ಗಟ್ಟಿ ಆಗೂದು ನಿಂದು. ರೊಕ್ಕ ಕೊಡಾಂವ ನಾನು. ಇದ್ಯಾವ ಲೆಕ್ಕಬೇ ಯವ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಅವರದೇ ಸರಿ ಅನ್ನಿಸಿತು. ನಾನು 180 ತುಳಿದರೆ ಏನು, 80ಕ್ಕೆ ಸುಸ್ತಾಗಿ ಟೆಂಪೋ ಹತ್ತಿದರೆ ಏನು, ಆ ಹುಡುಗಿಗೆ ಬೇಕಾದ ಸೈಕಲ್ ಅಷ್ಟೇ ತಾನೇ?

ಡಿಸೆಂಬರ್, ಮೊದಲ ವಾರ

ಚಂದಾ ಕೇಳುವ ಮಾತನ್ನೇ ಬದಲಿಸಿದೆವು. ಕಿಲೋಮೀಟರ್ ಲೆಕ್ಕ ಬಿಟ್ಟು, "ಒಂದು ಸೈಕಲ್ಲಿಗೆ ಇಷ್ಟು ಬೀಳುತ್ತದೆ, ಪೂರ್ತಿ ಕೊಡುತ್ತೀರೋ, ಅರ್ಧ ಕೊಡುತ್ತೀರೋ, ಬರೀ ಎರಡು ಟೈರಿನದು ಕೊಡುತ್ತೀರೋ" ಎಂದು ಕೇಳಲು ಶುರು ಮಾಡಿದೆವು. ರೊಕ್ಕ ನಮ್ಮ ಕೈಗೆ ಬೇಡ. ನೇರವಾಗಿ ಸೈಕಲ್ ಅಂಗಡಿಗೆ ಹಾಕಿ, ಬಿಲ್ಲು ಶಾಲೆಯ ಹೆಸರಿಗೆ, ಅದರ ಫೋಟೋ ನಿಮ್ಮ ಫೋನಿಗೆ.

ಇದಾದ ಮೇಲೆ ಗಾಳಿ ತಿರುಗಿತು. ಕೊಡುವ ಮನಸ್ಸು ಜನಕ್ಕೆ ಮೊದಲೂ ಇತ್ತು. ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಅವರ ಚಿಂತೆ. ನಮ್ಮದು ಭಾನುವಾರದ ಗೆಳೆಯರ ಗುಂಪು, ನೋಂದಣಿ ಇಲ್ಲ, ರಸೀದಿ ಪುಸ್ತಕ ಇಲ್ಲ. ಒಬ್ಬ ಸರ್ ತೆರಿಗೆ ವಿನಾಯಿತಿಗೆ 80ಜಿ ರಸೀದಿ ಕೊಡ್ತೀರಾ ಎಂದು ಕೇಳಿದರು. ಅದು ನೋಂದಾಯಿತ ಸಂಸ್ಥೆಗಳಿಗೆ ಮಾತ್ರ. ಅದೂ ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಪ್ರಶ್ನೆಯೇ ಬರುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅವರು ನಕ್ಕು, ನಾನು ಹೊಸ ಪದ್ಧತಿಯಲ್ಲೇ ಇದೀನಿ, ಸುಮ್ನೆ ಕೇಳಿದೆ ಎಂದು ಒಂದು ಪೂರ್ತಿ ಸೈಕಲ್ ಬರೆಸಿದರು.

ಇನ್ನೊಂದು ಪ್ರಶ್ನೆ ಎಲ್ಲ ಕಡೆ ಬಂತು. "ಈಗ ಹೆಣ್ಮಕ್ಕಳಿಗೆ ಬಸ್ ಫ್ರೀ ಐತಲ್ಲ?" ಹೌದು, 2023ರ ಜೂನಿನಿಂದ ಶಕ್ತಿ ಯೋಜನೆ ಇದೆ. ನಮ್ಮ ಅವ್ವ ಅದರ ಮೇಲೆಯೇ ಊರೂರು ದೇವರು ಮಾಡಿ ಮುಗಿಸಿದ್ದಾಳೆ. ಆದರೆ ಹೊಲದ ದಾರಿಯಲ್ಲಿ ಬಸ್ ಬರುವುದಿಲ್ಲ. ಟಿಕೆಟ್ ಇಲ್ಲದೆ ಹತ್ತಲಿಕ್ಕೂ ಮೊದಲು ಬಸ್ಸು ಬೇಕಲ್ಲ.

ಶಾಲೆಯ ಹೆಡ್ ಮೇಡಂ ಒಂದು ಮಾತು ಹೇಳಿದರು, ಅದು ನಮಗೆ ಹೊಳೆದಿರಲಿಲ್ಲ. ಬರೀ ಸೈಕಲ್ ಕೊಟ್ಟರೆ ಮೊದಲ ಪಂಕ್ಚರಿಗೇ ಅದು ದನ ಮೇಯುವ ಗ್ವಾದಲಿ ಪಕ್ಕ ನಿಲ್ಲುತ್ತದಂತೆ. ಆ ಊರಲ್ಲಿ ಪಂಕ್ಚರ್ ಅಂಗಡಿ ಇಲ್ಲ. ಪಂಪು, ಪ್ಯಾಚು, ಸಲ್ಯೂಷನ್, ಟೈರ್ ಬಿಚ್ಚುವ ಪಟ್ಟಿ ಶಾಲೆಯಲ್ಲೇ ಇರಬೇಕು, ಹಾಕುವುದನ್ನೂ ಹುಡುಗಿಯರಿಗೇ ಕಲಿಸಬೇಕು. ಪಟ್ಟಿಗೆ ಸೇರಿಸಿದೆವು.

ಎಳ್ಳ ಅಮಾವಾಸ್ಯೆ ಆದ ಮೇಲೆ

ಮೊದಲ ಬಾರಿ ಗದಗಿಗೆ ಹೋಗಿ ಬಂದೆ. 58 ಕಿಲೋಮೀಟರ್ ಹೋಗು, 58 ಬರು. ದೂರದ ಬಗ್ಗೆ ಬರೆಯುವಂಥದ್ದು ಏನಿಲ್ಲ, ಗಾಳಿ ಬಗ್ಗೆ ಬರೆಯಬೇಕು.

ನಮ್ಮ ಕಡೆ ಗಾಳಿಗೆ ಹಂಗಾಮು ಇದೆ. ಮಳೆಗಾಲದಲ್ಲಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಅಂದರೆ ಜನವರಿಯಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಹೊರಟವರಿಗೆ ಎದುರುಗಾಳಿ ಬರೆದಿಟ್ಟದ್ದೇ. ಶಿರಗುಪ್ಪಿ ದಾಟಿದ ಮೇಲೆ ಮರ ಇಲ್ಲ, ಗುಡ್ಡ ಇಲ್ಲ, ಕಣ್ಣು ಹಾಯಿಸಿದಷ್ಟೂ ಕಡಲೆ, ಜೋಳ, ಕುಸುಬೆ. ಗಾಳಿಗೆ ಅಡ್ಡ ಇರುವುದು ನೀವು ಒಬ್ಬರೇ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ?

ಲೆಕ್ಕ ಹಾಕಿದರೆ ಇನ್ನೂ ಬೇಜಾರು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೀವು ಹೋಗುವಾಗ ಎದುರಿನಿಂದ 10ರ ಗಾಳಿ ಬೀಸಿದರೆ ನಿಮ್ಮ ಎದೆಗೆ ತಾಗುವುದು 30ರ ಗಾಳಿ. ತಡೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು! ಹಾಗಾಗಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವುದೇ ಉಪಾಯ. ಮುಂದಿನವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ಹಗುರ. ಐದೈದು ನಿಮಿಷಕ್ಕೆ ಮುಂದಿನವರು ಬದಿಗೆ ಸರಿದು ಹಿಂದೆ ಬರಬೇಕು. ಹೊಸಬರು ಮುಂದಿನ ಚಕ್ರಕ್ಕೆ ತೀರಾ ಅಂಟಿಕೊಳ್ಳಬಾರದು, ಒಂದು ಸೈಕಲ್ಲಿನಷ್ಟು ಜಾಗ ಇರಲಿ.

ಸೂರ್ಯ ಏರಿದಂತೆ ಗಾಳಿ ಜೋರಾಗುತ್ತದೆ. ಅದಕ್ಕೇ ಬೆಳಗಿನ 5ಕ್ಕೆ ಹೊರಡುವುದು ಎಂದು ತೀರ್ಮಾನ. ಚಳಿ ಎಂದು ಗೊಣಗಿದವರಿಗೆ ಮಂಕಿ ಕ್ಯಾಪ್ ಹಾಕಿಕೊಳ್ಳಿ ಎಂದೆ.

ತಿನ್ನುವುದರ ಪ್ರಯೋಗವೂ ಆಯಿತು. ಎರಡು ತಾಸು ಜೋರಾಗಿ ತುಳಿದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಬಹುಪಾಲು ತೀರುತ್ತದೆ. ಆಮೇಲೆ ತಿಂದರೆ ತಡವಾಯಿತು, ಮೊದಲಿನಿಂದಲೇ ಅರ್ಧ ತಾಸಿಗೊಮ್ಮೆ ಬಾಯಾಡಿಸಬೇಕು. ಅಂಗಡಿಯ ಜೆಲ್ ಪ್ಯಾಕೆಟ್ ದುಬಾರಿ, ರುಚಿಯೂ ಇಲ್ಲ. ಅವ್ವ ಮಾಡಿದ ಶೇಂಗಾ ಹೋಳಿಗೆ ನಾಲ್ಕು ತುಂಡು ಮಾಡಿ ಕಾಗದದಲ್ಲಿ ಸುತ್ತಿಟ್ಟೆ. ಬೆಲ್ಲ ಇದೆ, ಎಣ್ಣೆಯಂಶ ಇದೆ, ಎರಡು ದಿನ ಕೆಡುವುದಿಲ್ಲ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು, ಸಕ್ಕರೆ, ಲಿಂಬೆ.

ಆ ಭಾನುವಾರ

ಐದಕ್ಕೆ ಹೊರಟೆವು. ಕತ್ತಲು, ಮಂಜು, ಸಾಲಾಗಿ ಕೆಂಪು ದೀಪ. ಅಣ್ಣಿಗೇರಿಯಲ್ಲಿ ಬಿಸಿ ಚಹಾ. ಆದಿಕವಿ ಪಂಪ ಹುಟ್ಟಿದ ಊರು ಎಂದು ಒಬ್ಬ ಹುಡುಗ ಭಾಷಣ ಶುರು ಮಾಡಿದ, ಚಹಾ ಬಂದ ಕೂಡಲೇ ನಿಲ್ಲಿಸಿದ. ಬಿಸಿಲು ಬಿದ್ದಾಗ ಎರಡೂ ಬದಿ ಜೋಳದ ತೆನೆ. ಒಂದು ಹೊಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡುತ್ತಿದ್ದರು. "ಬರ್ರಿ ಅಕ್ಕಾರ, ತಿಂದು ಹೋಗ್ರಿ" ಎಂದು ಕರೆದರು. ಹೋಗದೆ ಇರಲು ಆಗುತ್ತದಾ? ಅಲ್ಲೇ ಅರ್ಧ ತಾಸು ಹೋಯಿತು. ಈ ರಸ್ತೆಯಲ್ಲಿ ಸಮಯ ನೋಡಿಕೊಂಡು ಹೋಗುವವರ ಬಗ್ಗೆ ನನಗೆ ಅನುಕಂಪ ಇದೆ.

ಗದಗ ದಾಟಿ ಲಕ್ಕುಂಡಿ. ಗದಗಿನಿಂದ ಸುಮಾರು 12 ಕಿಲೋಮೀಟರ್, ಸೀದಾ ಲಕ್ಷ್ಮೇಶ್ವರಕ್ಕೆ ತಿರುಗಿದ್ದರೆ ಹೋಗಿ ಬರುವ ಅಷ್ಟೂ ದೂರ ಉಳಿಯುತ್ತಿತ್ತು. ಆದರೂ ಲಕ್ಕುಂಡಿ ಬೇಕು ಎಂದು ಹಟ ಹಿಡಿದವಳು ನಾನೇ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ. ಬಸದಿಗಿಂತ ಅವಳ ಇನ್ನೊಂದು ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ, ಒಂದೊಂದು ಅಕ್ಷರವನ್ನೂ ಕೈಯಲ್ಲೇ ಕೊರೆಸಿ. ಸಾವಿರ ಓಲೆಪ್ರತಿಗೆ ಎಷ್ಟು ಗರಿ, ಎಷ್ಟು ಬರೆಯುವವರು, ಅವರ ಊಟ ಯಾರು ನೋಡಿಕೊಂಡರು, ಲೆಕ್ಕ ಯಾರು ಬರೆದರು? ಮೂರು ತಿಂಗಳು ಬಿಲ್ಲು, ರಸೀದಿ ಹಿಂದೆ ಓಡಾಡಿದ ಮೇಲೆ ಇಂಥ ಪ್ರಶ್ನೆಗಳೇ ತಲೆಗೆ ಬರುತ್ತವೆ.

ಗದಗಿನಲ್ಲಿ ಬದನೆಕಾಯಿ ಭಜಿ ತಿಂದೆವು. ಸವಾರಿಯ ಮಧ್ಯೆ ಕರಿದದ್ದು ತಿನ್ನಬಾರದು ಎಂದು ಎಲ್ಲ ಕಡೆ ಹೇಳುತ್ತಾರೆ. ಹೇಳುವವರು ಗದಗಿಗೆ ಬಂದಿರಲಿಕ್ಕಿಲ್ಲ.

ಮುಳಗುಂದದ ಆಚೆ ಬಿಸಿಲು. ಈಗ ಗಾಳಿ ಬೆನ್ನಿಗೆ ಸಿಕ್ಕಿತು, ಆದರೆ ರಸ್ತೆ ಕೆಟ್ಟಿತು. ಲಕ್ಷ್ಮೇಶ್ವರದ ಹತ್ತಿರ ನಮ್ಮಲ್ಲಿ ಮೂವರಿಗೆ ಒಂದೇ ಜಾಲಿ ಕೊಂಬೆ ಮುಳ್ಳು ಚುಚ್ಚಿತು. ರಸ್ತೆ ಬದಿಯ ಬೇವಿನ ಕೆಳಗೆ ಕೂತು ಟ್ಯೂಬು ಬಿಚ್ಚಿದೆವು. ಇಲ್ಲಿ ಒಂದು ಮಾತು: ಪ್ಯಾಚ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುರಿದ ಮುಳ್ಳಿನ ತುದಿ ಹುಡುಕಲೇಬೇಕು. ಅದು ಅಲ್ಲೇ ಉಳಿದರೆ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತದೆ. ಶಾಲೆಯ ಹುಡುಗರು ಸುತ್ತ ನಿಂತು ನೋಡಿದರು. ಒಬ್ಬ, "ಅಕ್ಕಾ, ಹೊಡದ್ರ ನಿಮಗ ಎಷ್ಟು ಪಗಾರ ಕೊಡ್ತಾರ?" ಎಂದು ಕೇಳಿದ. ಏನೂ ಇಲ್ಲ ಎಂದೆ. "ಮತ್ತ ಯಾಕ ಹೊಡಿತೀರಿ?" ಕಾಕಾನ ಮೊಮ್ಮಗ ಇರಬೇಕು!

ಗುಡಗೇರಿಯಿಂದ ಕುಂದಗೋಳದ ತನಕ ಯಾರೂ ಮಾತಾಡಲಿಲ್ಲ. ಅಂಗೈ ಜೋಮು, ಕುತ್ತಿಗೆ ಮರ. ಕುಂದಗೋಳದಲ್ಲಿ ಕಬ್ಬಿನ ಹಾಲು ಕುಡಿದ ಮೇಲೆ ಜೀವ ಬಂತು. ಹುಬ್ಬಳ್ಳಿ ಸೇರುವಾಗ ದೀಪ ಹಚ್ಚುವ ಹೊತ್ತು. ಇಬ್ಬರು ಟೆಂಪೋದಲ್ಲಿ ಬಂದರು, ಅವರ ಪಾಲಿನ ಸೈಕಲ್ ದುಡ್ಡಿನಲ್ಲಿ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ. ಕಿಲೋಮೀಟರ್ ಲೆಕ್ಕ ಬಿಟ್ಟದ್ದರ ಲಾಭ.

ಫೆಬ್ರವರಿ

ಮೈ ಕೈ ನೋವು ಎರಡೇ ದಿನಕ್ಕೆ ಹೋಯಿತು. ವಸೂಲಿ ಇನ್ನೂ ಮುಗಿದಿಲ್ಲ. ಬಾಯಿಮಾತಲ್ಲಿ ಒಪ್ಪಿದ ಕೆಲವರು ಈಗ ಫೋನ್ ಎತ್ತುತ್ತಿಲ್ಲ, ಏನೂ ಒಪ್ಪದೆ ಇದ್ದ ಕೆಲವರು ತಾವೇ ಅಂಗಡಿಗೆ ಹೋಗಿ ಕಟ್ಟಿ ಬಂದಿದ್ದಾರೆ. ಕಾಕಾ ಎರಡನೇ ಗುಂಪಿನವರು. ಬಿಲ್ಲಿನ ಫೋಟೋ ಕಳಿಸಿದ್ದಕ್ಕೆ ಅವರ ಉತ್ತರ: "ಕ್ಯಾರಿಯರ್ ಹಚ್ಚಿಲ್ಲಲ್ಲ? ಪಾಟೀಚೀಲ ಎಲ್ಲಿ ಇಡತಾರ?" ಅಂಗಡಿಯವರಿಗೆ ಹೇಳಿ ಎಲ್ಲ ಸೈಕಲ್ಲಿಗೂ ಕ್ಯಾರಿಯರ್ ಹಾಕಿಸುತ್ತಿದ್ದೇವೆ. ಅದರ ಖರ್ಚನ್ನೂ ಅವರ ತಲೆಗೇ ಕಟ್ಟಿದೆ.

ಸೈಕಲ್ಲುಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಬರುವ ಶನಿವಾರ ಶಾಲೆಯ ಅಂಗಳದಲ್ಲೇ ಜೋಡಿಸುವುದು, ಪಂಕ್ಚರ್ ಪಾಠವೂ ಅವತ್ತೇ. ಬರುವವರು 15 ನಂಬರಿನ ಪಾನಾ ತನ್ನಿ, ನಮ್ಮ ಹತ್ತಿರ ಇರುವುದು ಎರಡೇ. ಎಡಗಡೆಯ ಪ್ಯಾಡಲ್ಲಿನ ತಿರುಪಿನ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಲವಂತ ಮಾಡಿ ಬಲಕ್ಕೆ ತಿರುಗಿಸಬೇಡಿ. ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ ಊರವರೇ ಮಾಡುತ್ತಾರಂತೆ.