ಜಿ1 ಕಡತ: ಮೂರು ವಾರಗಳ ನಂತರ

ಈ ಮೂರು ವಾರಗಳಲ್ಲಿ ನಾನು ಒರೆಸಿದ್ದಕ್ಕಿಂತ ಒರೆಸದೆ ಬಿಟ್ಟದ್ದೇ ಹೆಚ್ಚು. ಮೇಜಿನ ಮೇಲಿರುವುದು ಟಿ-ಮೊಬೈಲ್ ಜಿ1, ಅಂದರೆ ಎಚ್‌ಟಿಸಿ ಡ್ರೀಮ್. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನು. ಪುಟ್ಟದೊಂದು ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಇದನ್ನು ಸಿದ್ಧಪಡಿಸಿಕೊಡಲು ಒಪ್ಪಿಕೊಂಡಿದ್ದೇನೆ.

ಮೊದಲ ವಾರವೆಲ್ಲ ಬ್ಯಾಟರಿಗೇ ಹೋಯಿತು. 1150 ಎಂಎಎಚ್‌ನ ಆ ಹಳೆಯ ಲಿಥಿಯಂ ತುಂಡನ್ನು ಹೊರತೆಗೆದು ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದರೆ ಬುಗುರಿಯಂತೆ ಗಿರ್ರನೆ ತಿರುಗಿತು. ಹೊಟ್ಟೆ ಉಬ್ಬಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಚೀಟಿಯ ಎರಡೂ ಬದಿಯ ಚಿತ್ರ ತೆಗೆದುಕೊಂಡು ಅದನ್ನು ಇ-ತ್ಯಾಜ್ಯಕ್ಕೆ ಕೊಟ್ಟೆ; ಅದರ ಜಾಗದಲ್ಲಿ ಆಮ್ಲರಹಿತ ರಟ್ಟಿನ ತುಂಡು ಕೂತಿದೆ.

ಎರಡನೆಯ ವಾರ ಕೀಲಿಮಣೆ. ಪರದೆಯನ್ನು ಹೆಬ್ಬೆರಳಿನಿಂದ ನೂಕಿದರೆ ಅದು ನೇರವಾಗಿ ಜಾರುವುದಿಲ್ಲ, ಕಮಾನಿನಂತೆ ಸುತ್ತಿ ಮೇಲೇರಿ ಟಕ್ಕೆಂದು ಕೂರುತ್ತದೆ. ಆ ಸದ್ದನ್ನು ಕೇಳಲೆಂದೇ ಅಗತ್ಯಕ್ಕಿಂತ ಹೆಚ್ಚು ಸಲ ತೆರೆದು ಮುಚ್ಚಿದೆ, ಸಂರಕ್ಷಕರು ಕ್ಷಮಿಸಲಿ. ಕೆಳಗೆ ಐದು ಸಾಲು ಕೀಲಿಗಳು. ಜಾಗ ಬಿಡುವ ಉದ್ದನೆಯ ಕೀಲಿ ಬಲಗಡೆ ಮಾತ್ರ ಸವೆದು ಹೊಳೆಯುತ್ತದೆ. ಯಾರದೋ ಬಲ ಹೆಬ್ಬೆರಳಿನ ವರ್ಷಗಟ್ಟಲೆ ದುಡಿಮೆ. ಸಡಿಲ ದೂಳನ್ನು ಮೆತ್ತನೆಯ ಕುಂಚದಿಂದ ತೆಗೆದು ಅಲ್ಲಿಗೇ ನಿಲ್ಲಿಸಿದೆ. ಸಂಗ್ರಹದ ಸಂಖ್ಯೆ ಬರೆಯುವುದೂ ಸುಲಭವಾಗಲಿಲ್ಲ. ಕಲ್ಲು, ಮಡಕೆಗಳಿಗಾದರೆ ಅಸಿಟೋನಿನಲ್ಲಿ ಕರಗಿಸಿದ ಪಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ಬಳಿದು, ಒಣಗಿದ ಮೇಲೆ ಅದರ ಮೇಲೆ ಬರೆಯುತ್ತಾರೆ. ಇಲ್ಲಿ ಅಸಿಟೋನು ಪ್ಲಾಸ್ಟಿಕ್ಕನ್ನೇ ತಿಂದೀತು. ಹತ್ತಿಯ ನೂಲಿನಲ್ಲಿ ಚೀಟಿ ಕಟ್ಟಿದೆ.

ಮೂರನೆಯ ವಾರ, ಕಡ ತಂದ ಒಳ್ಳೆಯ ಬ್ಯಾಟರಿಯೊಂದಿಗೆ ಫೋನನ್ನು ಎಬ್ಬಿಸಿದೆ. ಚಾರ್ಜಿಂಗ್ ತೂತಿನ ಆಕಾರ ವಿಚಿತ್ರ, ಆದರೂ ಸಾಧಾರಣ ಮಿನಿ ಯುಎಸ್‌ಬಿ ತಂತಿ ಹಿಡಿಯುತ್ತದೆ. ಹಿಂದಿನವರು ಎಲ್ಲವನ್ನೂ ಅಳಿಸಿಯೇ ಕೊಟ್ಟಿದ್ದರಿಂದ ಸ್ವಾಗತ ಪರದೆ ಬಂತು, ಗೂಗಲ್ ಖಾತೆ ಕೇಳಿತು, ಜಾಲವಿಲ್ಲದೆ ಅಲ್ಲೇ ನಿಂತಿತು.

ನನಗೆ ಬೇಕಿದ್ದುದು ಬೇರೆಯೇ ಪರೀಕ್ಷೆ. ಆರಂಭದ ಜಿ1ಗಳಲ್ಲಿ ಒಂದು ಸೋಜಿಗದ ದೋಷವಿತ್ತು: ಕೀಲಿಮಣೆಯಲ್ಲಿ ಒತ್ತಿದ್ದೆಲ್ಲವೂ ಕಣ್ಣಿಗೆ ಕಾಣದ, ಸರ್ವಾಧಿಕಾರವುಳ್ಳ ಕಮಾಂಡ್ ಶೆಲ್‌ಗೂ, ಅಂದರೆ ಬರೆದ ಆಜ್ಞೆಯನ್ನು ನೇರವಾಗಿ ನಡೆಸುವ ಒಳಗಿನ ತಂತ್ರಾಂಶಕ್ಕೂ, ತಲುಪುತ್ತಿತ್ತು. ಸಂದೇಶದಲ್ಲಿ ‘ರೀಬೂಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಫೋನು ನಿಜವಾಗಿಯೂ ಮರುಚಾಲನೆಗೊಳ್ಳುತ್ತಿತ್ತು! 2008ರ ನವೆಂಬರ್‌ನಲ್ಲಿ ಇದು ಬಯಲಾಗಿ, ತಿದ್ದುಪಡಿ ಹೊರಟಿತು. ನಾನೂ ಎಂಟರ್ ಒತ್ತಿ, ಆರು ಅಕ್ಷರ ಬರೆದು, ಮತ್ತೆ ಎಂಟರ್ ಒತ್ತಿ ಉಸಿರು ಬಿಗಿಹಿಡಿದು ಕಾದೆ. ಏನೂ ಆಗಲಿಲ್ಲ. ತಿದ್ದುಪಡಿ ಈ ಫೋನಿಗೂ ಮುಟ್ಟಿದೆ.

ದೋಷವಿದ್ದ ಹಳೆಯ ತಂತ್ರಾಂಶವನ್ನೇ ತುಂಬಿಸಿಬಿಡು, ನೋಡುವವರಿಗೆ ಮಜಾ ಇರುತ್ತದೆ ಎಂದು ಗೆಳೆಯ ಹೇಳಿದ. ಮಜಾ ಇರುತ್ತದೆ, ನಿಜ. ಆದರೆ ಆಮೇಲೆ ಅದು ಯಾರೋ ಬಳಸಿದ ಫೋನಾಗಿರದೆ ನಾನು ಕಟ್ಟಿದ ನಾಟಕದ ಪರಿಕರವಾಗುತ್ತದೆ. ಸವೆದ ಕೀಲಿ ಎಷ್ಟು ಇದರದೋ, ಆ ತಿದ್ದುಪಡಿಯೂ ಅಷ್ಟೇ ಇದರದು. ಒಪ್ಪಲಿಲ್ಲ.

ಬಗೆಹರಿಯದ ಪ್ರಶ್ನೆಯೊಂದಿದೆ. ಫ್ಲಾಶ್ ಮೆಮೊರಿಯ ಕೋಶಗಳಲ್ಲಿನ ವಿದ್ಯುದಂಶ ಕಾಲಕ್ರಮೇಣ ಸೋರುತ್ತದೆ. ಕೈಕಟ್ಟಿ ಕೂತರೂ ಒಳಗಿನ 256 ಎಂಬಿ ಹಾಗೆಯೇ ಉಳಿಯುವುದಿಲ್ಲ. ಪೂರ್ತಿ ಪ್ರತಿ ತೆಗೆಯಬೇಕೆಂದರೆ ಬೀಗ ಮುರಿಯಬೇಕು, ಅಂದರೆ ತಂತ್ರಾಂಶಕ್ಕೆ ಕೈ ಹಾಕಲೇಬೇಕು. ಸಂಗ್ರಹಾಲಯದವರ ಲಿಖಿತ ಒಪ್ಪಿಗೆ ಕೇಳಿದ್ದೇನೆ. ಅದು ಬರುವವರೆಗೆ ಕಡ ತಂದ ಬ್ಯಾಟರಿ ಹಿಂದಕ್ಕೆ, ಫೋನು ಡಬ್ಬಿಗೆ, ಜೊತೆಗೆ ಸಿಲಿಕಾ ಜೆಲ್‌ನ ಎರಡು ಪೊಟ್ಟಣ. ಎಚ್ಚರಗೊಂಡ ಪರದೆಯ ವಿಡಿಯೊ ಮಾತ್ರ ತೆಗೆದಿಟ್ಟಿದ್ದೇನೆ. ಗಾಜಿನ ಪಕ್ಕದಲ್ಲಿ ಅದು ಓಡುತ್ತದೆ.