ಕುಷ್ಟಗಿಗೂ ಗಂಗಾವತಿಗೂ ಒಂದೇ ಬಣ್ಣ

ಮೂರು ವಾರದಿಂದ ಹುಡುಕುತ್ತಿದ್ದ ತಪ್ಪು ನಿನ್ನೆ ರಾತ್ರಿ ಸಿಕ್ಕಿತು. ಅದು ನನ್ನ ಕೋಡ್‌ನಲ್ಲಿ ಇರಲೇ ಇಲ್ಲ.

ಊರ ಶಾಲೆಯ ಗೋಡೆಗೆ ಮಾಡುತ್ತಿರುವ ಹಾಳೆಗಳಲ್ಲಿ ಜಗತ್ತಿನ ತಾಪಮಾನ ಏರಿಕೆಯ ನಕ್ಷೆ ಮುಗಿದಿದೆ. ನಾಸಾದ ದತ್ತಾಂಶ, 1951–1980ರ ಸರಾಸರಿಗೆ ಹೋಲಿಸಿದ್ದು. ಧ್ರುವಗಳ ಕಡೆ ನೆಲವನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ಬಿಟ್ಟು, ವಿಸ್ತೀರ್ಣವನ್ನು ಸರಿಯಾಗಿ ಉಳಿಸುವ ಈಕ್ವಲ್ ಅರ್ಥ್ ಪ್ರೊಜೆಕ್ಷನ್ (ಗೋಳವನ್ನು ಹಾಳೆಗೆ ಇಳಿಸುವ ವಿಧಾನ) ಹಾಕಿದೆ. ಆರ್ಕ್ಟಿಕ್ ನಿಜಕ್ಕೂ ಉಳಿದ ಭೂಮಿಗಿಂತ ಬೇಗ ಕಾಯುತ್ತಿದೆ, ಆದರೆ ಮರ್ಕೇಟರ್‌ನಲ್ಲಿ ಆ ಕೆಂಪು ಹಿಗ್ಗಿ ಹಿಗ್ಗಿ ಉಷ್ಣವಲಯದ ನಾವೇ ಕಾಣದಂತಾಗುತ್ತೇವೆ.

ಕಾಡಿದ್ದು ನಮ್ಮ ಭಾಗದ ಹಾಳೆ. ಹವಾಮಾನ ಇಲಾಖೆಯ ಗರಿಷ್ಠ ತಾಪಮಾನದ ಗ್ರಿಡ್ ಫೈಲ್ ತೆರೆದು, ಅಂಕಿ ಇಲ್ಲದ ಕಡೆ ತುಂಬಿರುವ 99.9 ಅನ್ನು ನೋ-ಡೇಟಾ ಮಾಡಿ, ಊರುಗಳ ಬಿಂದುಗಳಲ್ಲಿ ಮೌಲ್ಯ ತೆಗೆದೆ. ಕುಷ್ಟಗಿ, ಗಂಗಾವತಿ, ಕೊಪ್ಪಳ, ಸಿಂಧನೂರು, ಬಳ್ಳಾರಿ: ಐದಕ್ಕೂ ಕೊನೆಯ ದಶಾಂಶದವರೆಗೆ ಒಂದೇ ಅಂಕಿ! ಕಾಲುವೆ ನೀರು ನಿಂತ ಗಂಗಾವತಿಯ ಭತ್ತದ ಗದ್ದೆಗೂ ಮಳೆಯನ್ನೇ ನಂಬಿದ ಕುಷ್ಟಗಿಯ ಹೊಲಕ್ಕೂ ಒಂದೇ ಬಿಸಿಲೇ? ಸಾಲುಗಳು ದಕ್ಷಿಣದಿಂದ ಉತ್ತರಕ್ಕೆ ಓದುತ್ತಿವೆಯೇ ಎಂದು ನೋಡಿದೆ, ಪ್ರೊಜೆಕ್ಷನ್ ಬದಲಿಸಿದೆ, ಫೈಲನ್ನೇ ಮತ್ತೆ ಇಳಿಸಿಕೊಂಡೆ. ನಿನ್ನೆ ಸುಮ್ಮನೆ ಗ್ರಿಡ್ ಗೆರೆ ಎಳೆದರೆ, ಐದೂ ಊರು ಒಂದೇ ಚೌಕದಲ್ಲಿ ಕೂತಿವೆ: ಅಕ್ಷಾಂಶ 15–16, ರೇಖಾಂಶ 76–77. ಈ ಫೈಲಿನಲ್ಲಿ ಒಂದು ಡಿಗ್ರಿಯ ಚೌಕಕ್ಕೆ ಒಂದೇ ಅಂಕಿ, ಒಂದು ಡಿಗ್ರಿ ಎಂದರೆ ಸುಮಾರು 110 ಕಿಲೋಮೀಟರ್. ರಾಯಚೂರು ಮಾತ್ರ ಬೇರೆ ಚೌಕಕ್ಕೆ ಬಿದ್ದಿದೆ.

ಕ್ಯೂಬಿಕ್ ರೀಸ್ಯಾಂಪ್ಲಿಂಗ್ (ಚೌಕಗಳ ನಡುವಿನ ಮೌಲ್ಯವನ್ನು ಲೆಕ್ಕ ಹಾಕಿ ತುಂಬುವ ವಿಧಾನ) ಕೊಟ್ಟರೆ ಚೌಕ ಕರಗಿ ಚೆಂದದ ಛಾಯೆ ಬರುತ್ತದೆ. ಬಂತು ಕೂಡ. ಅಳಿಸಿಬಿಟ್ಟೆ. ಆ ಛಾಯೆ ಅಕ್ಕಪಕ್ಕದ ಚೌಕಗಳ ಲೆಕ್ಕ, ಅದಕ್ಕೆ ಕಾಲುವೆ ಗೊತ್ತಿಲ್ಲ, ಎರೆಭೂಮಿ ಮಸಾರಿ ಗೊತ್ತಿಲ್ಲ. ಮಗುವನ್ನು ಕರೆದುಕೊಂಡು ಬಂದ ರೈತ ತನ್ನ ಊರು ಹುಡುಕಿ ಆ ಬಣ್ಣವನ್ನು ನಂಬಿಬಿಡುತ್ತಾನೆ. ನಾಸಾ ಉಪಗ್ರಹಗಳ ಮೇಲಿರುವ ಮೋಡಿಸ್ ಉಪಕರಣದ ಒಂದು ಕಿಲೋಮೀಟರ್ ಚಿತ್ರದಲ್ಲಿ ಗದ್ದೆ ತಂಪು, ಬೆದ್ದಲು ಕೆಂಡ ಎಂದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದು ನೆಲದ ಮೈ ಬಿಸಿ, ಗಾಳಿಯದಲ್ಲ. ಹಾಗಾಗಿ ಅದಕ್ಕೆ ಬೇರೆಯೇ ಹಾಳೆ. ತಾಪಮಾನದ್ದು ಚೌಕವಾಗಿಯೇ ಇರುತ್ತದೆ, ಗೆರೆ ದಪ್ಪವಾಗಿ.

ಮುದ್ರಣದವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಹೊಳಪಿಲ್ಲದ ಕಾಗದ ಎಂದು ಎರಡು ಸಲ ಹೇಳಿದ್ದೆ, ಫ್ಲೆಕ್ಸ್ ಮೇಲೆ ಹೊಡೆದು ಕೊಟ್ಟರು. ಅರ್ಧ ಡಿಗ್ರಿ ಬಿಸಿ, ಒಂದು ಡಿಗ್ರಿ ಬಿಸಿ ಎರಡೂ ಒಂದೇ ಕಿತ್ತಳೆ. ಮತ್ತೆ ದುಡ್ಡು.

ಮಳೆಯ ಹಾಳೆ ಸುಲಭ. ಅದರ ಗ್ರಿಡ್ ಕಾಲು ಡಿಗ್ರಿಯದು, 1901ರಿಂದ ಇದೆ. ಮನಸ್ಸು ಮಾತ್ರ ಆಗಲೇ ತುಂಗಭದ್ರೆಗೆ ಓಡಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.788ಕ್ಕೆ ಇಳಿದಿದೆ. ಸೆಂಟಿನೆಲ್-2 ಉಪಗ್ರಹಗಳ ಹತ್ತು ಮೀಟರ್ ಚಿತ್ರಗಳಲ್ಲಿ ಪ್ರತಿ ಮೇ ತಿಂಗಳ ನೀರಿನ ಅಂಚು ಎಳೆಯಬೇಕು. ಮೋಡವಿಲ್ಲದ ನಾಲ್ಕು ವರ್ಷದ್ದು ಇಳಿಸಿಕೊಂಡಿದ್ದೇನೆ.