ಬಂಪರ್‌ನಿಂದ ಎಂಜಿನ್‌ವರೆಗೆ: ಕಾರಿನ ದೊಡ್ಡ ಭಾಗಗಳನ್ನು ಕಡಲಾಚೆ ಕಳಿಸುವುದು ಹೇಗೆ

ಹನ್ನೆರಡು ಕಿಲೋ ಬಂಪರ್‌ಗೆ ತೊಂಬತ್ತು ಕಿಲೋ ಬಾಡಿಗೆ ಯಾಕೆ ಎಂದು ಕೇಳುವವರು ಬಹಳ ಮಂದಿ. ಉತ್ತರ ಇರುವುದು ಪೆಟ್ಟಿಗೆಯ ಅಳತೆಯಲ್ಲಿ. 180 ಸೆಂ.ಮೀ. ಉದ್ದ, 60 ಅಗಲ, 50 ಎತ್ತರದ ಪೆಟ್ಟಿಗೆ ಎಂದರೆ 5,40,000 ಘನ ಸೆಂ.ಮೀ. ಏರ್ ಕಾರ್ಗೋದಲ್ಲಿ ಇದನ್ನು 6000ದಿಂದ ಭಾಗಿಸುತ್ತಾರೆ, 90 ಕಿಲೋ ಬರುತ್ತದೆ. ಎಕ್ಸ್‌ಪ್ರೆಸ್ ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸುವುದರಿಂದ ಅಲ್ಲಿ ಅದು 108 ಆಗುತ್ತದೆ. ತಕ್ಕಡಿಯ ತೂಕ, ಅಳತೆಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ಎಂಜಿನ್ ವಿಷಯ ಇದಕ್ಕೆ ತಿರುವುಮುರುವು. 100×80×90 ಸೆಂ.ಮೀ. ಕ್ರೇಟಿನ ಅಳತೆಯ ತೂಕ 120 ಕಿಲೋ, ಆದರೆ ನಾಲ್ಕು ಸಿಲಿಂಡರಿನ ಎಂಜಿನ್ ಕ್ರೇಟ್ ಸಮೇತ 150 ದಾಟುವುದು ಸಾಮಾನ್ಯ. ಹಾಗಾಗಿ ಅಲ್ಲಿ ತಕ್ಕಡಿಯೇ ಗೆಲ್ಲುತ್ತದೆ.

ಅದಕ್ಕೇ ದರ ಕೇಳುವ ಮುಂಚೆ ಟೇಪ್ ಹಿಡಿಯಿರಿ. ಅಳೆಯಬೇಕಾದದ್ದು ಭಾಗವನ್ನಲ್ಲ, ಪ್ಯಾಕ್ ಆದ ಮೇಲಿನ ಪೆಟ್ಟಿಗೆಯನ್ನು, ಕೆಳಗಿನ ಪ್ಯಾಲೆಟ್‌ನ (ಫೋರ್ಕ್‌ಲಿಫ್ಟ್ ಎತ್ತಲು ಅನುವಾಗುವ ಮರದ ಹಲಗೆ) ಎತ್ತರವನ್ನೂ ಸೇರಿಸಿ. ಕೊರಿಯರ್ ಆದರೆ ಇನ್ನೊಂದು ಲೆಕ್ಕವೂ ಬೇಕು: ಉದ್ದಕ್ಕೆ ಸುತ್ತಳತೆ ಕೂಡಿಸಿದ ಮೊತ್ತ. ಮೇಲಿನ ಬಂಪರ್ ಪೆಟ್ಟಿಗೆಗೆ ಅದು 180 + 2×(60+50), ಅಂದರೆ 400 ಸೆಂ.ಮೀ. ಕಂಪನಿಯ ಮಿತಿಗಿಂತ ನಾಲ್ಕು ಬೆರಳು ಹೆಚ್ಚಾದರೂ ಹೆಚ್ಚುವರಿ ಶುಲ್ಕ ಬೀಳುತ್ತದೆ, ಇಲ್ಲವೇ ಪೆಟ್ಟಿಗೆ ವಾಪಸ್ ಬರುತ್ತದೆ. ಗ್ರಿಲ್, ಫಾಗ್ ಲ್ಯಾಂಪ್, ಒಳಗಿನ ಲೋಹದ ಬೀಮ್ ಬಿಚ್ಚಿ, ಬಂಪರ್‌ನ ಒಳಬಾಗಿನಲ್ಲೇ ಕೂರಿಸಿದರೆ ಎತ್ತರ 50ರಿಂದ 35ಕ್ಕೆ ಇಳಿಸಬಹುದು. ಆಗ ಏರ್ ಕಾರ್ಗೋ ತೂಕ 90ರಿಂದ 63 ಕಿಲೋಗೆ ಬರುತ್ತದೆ. ಆದರೆ ಬಂಪರನ್ನು ಬಗ್ಗಿಸಿ ತುರುಕಬೇಡಿ. ಪಾಲಿಪ್ರೊಪಿಲೀನ್ ಬಗ್ಗುತ್ತದೆ ನಿಜ, ಆದರೆ ಬಿಸಿ ಕಂಟೇನರಿನಲ್ಲಿ ವಾರಗಟ್ಟಲೆ ಬಗ್ಗಿಯೇ ಇದ್ದರೆ ಆ ಆಕಾರವೇ ನಿಲ್ಲುತ್ತದೆ, ಬಣ್ಣವೂ ಸೀಳುತ್ತದೆ.

ಹಡಗಿನಲ್ಲಿ ಇತರರ ಸರಕಿನ ಜೊತೆ ಹೋಗುವ ಎಲ್‌ಸಿಎಲ್ ಸಾಗಣೆಗೆ ಒಂದು ಘನ ಮೀಟರ್ ಅಥವಾ 1000 ಕಿಲೋ, ಯಾವುದು ಹೆಚ್ಚೋ ಅದು ಅಳತೆಗೋಲು. ಕನಿಷ್ಠ ಬಿಲ್ ಸಾಮಾನ್ಯವಾಗಿ ಒಂದು ಘನ ಮೀಟರಿಗೆ. ನಮ್ಮ ಬಂಪರ್ 0.54 ಘನ ಮೀಟರ್, ಅಂದರೆ ಉಳಿದ 0.46ಕ್ಕೂ ದುಡ್ಡು ಕೊಟ್ಟೇ ಕೊಡುತ್ತೀರಿ. ಬಾನೆಟ್ಟೋ ಫೆಂಡರೋ ಬೇಕಿದ್ದರೆ ಅದೇ ಸಾಗಣೆಯಲ್ಲಿ ತರಿಸಿಕೊಳ್ಳುವುದು ಜಾಣತನ. ಎಲ್‌ಸಿಎಲ್‌ನಲ್ಲಿ ಜನ ಎಡವುವುದು ಸಾಗಣೆ ದರದಲ್ಲಲ್ಲ, ತಲುಪುವ ಬಂದರಿನ ಶುಲ್ಕಗಳಲ್ಲಿ. ಕಂಟೇನರ್ ಬಿಚ್ಚುವ ಗೋದಾಮಿನ ಶುಲ್ಕ, ಟರ್ಮಿನಲ್ ಶುಲ್ಕ, ಸರಕು ಬಿಡಿಸುವ ಡೆಲಿವರಿ ಆರ್ಡರ್ ಪತ್ರದ ಶುಲ್ಕ, ತಡವಾದರೆ ದಿನದ ಬಾಡಿಗೆ, ಇವೆಲ್ಲ ಕೂಡಿ ಸಾಗಣೆ ದರವನ್ನೇ ಮೀರಬಲ್ಲವು. ಆಚೆ ಕಡೆಯ ಶುಲ್ಕಗಳ ಪಟ್ಟಿಯನ್ನು ಬರಹದಲ್ಲಿ ಕೊಡದ ಫಾರ್ವರ್ಡರ್ (ಸಾಗಣೆ ಏರ್ಪಡಿಸುವ ಏಜೆಂಟ್) ಎಷ್ಟೇ ಅಗ್ಗ ಎಂದರೂ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಪ್ಯಾಕಿಂಗ್. ಭಾಗವನ್ನು ಕಾರು ಎಲ್ಲಿ ಹಿಡಿದಿತ್ತೋ, ಕ್ರೇಟ್ ಕೂಡ ಅಲ್ಲೇ ಹಿಡಿಯಬೇಕು. ಭಾರ ಹೊರುವ ಬಲವನ್ನು ತಯಾರಕರು ಆ ಬಿಂದುಗಳಿಗೆ ಮಾತ್ರ ಕೊಟ್ಟಿರುತ್ತಾರೆ.

ಎಂಜಿನ್ ನೋಡಿ. ಕೆಳಗಿನ ಆಯಿಲ್ ಸಂಪ್, ಅಂದರೆ ಎಣ್ಣೆ ನಿಲ್ಲುವ ತಟ್ಟೆ, ತೆಳು ಉಕ್ಕಿನದು ಅಥವಾ ಅಲ್ಯೂಮಿನಿಯಂನದು. ಅದರ ಮೇಲೆ ಎಂಜಿನ್ ಕೂರಿಸಿ ಬೆಲ್ಟ್ ಬಿಗಿದರೆ, ಫೋರ್ಕ್‌ಲಿಫ್ಟ್ ಒಮ್ಮೆ ಜೋರಾಗಿ ಇಳಿಸಿದರೆ ಸಾಕು, ಸಂಪ್ ಒಳಕ್ಕೆ ತಗ್ಗಿ ಎಣ್ಣೆ ಹೀರುವ ಪಿಕಪ್ ಪೈಪಿಗೆ ತಾಗುತ್ತದೆ. ಹೊರಗಿನಿಂದ ಸಣ್ಣ ತಗ್ಗಿನಂತೆ ಕಾಣುವುದರಿಂದ ಯಾರೂ ಗಮನಿಸುವುದಿಲ್ಲ. ಎಂಜಿನ್ ಓಡಿದ ಮೇಲೆ ಆಯಿಲ್ ಒತ್ತಡ ಬೀಳುತ್ತದೆ. ಆದ್ದರಿಂದ ಎರಡೂ ಬದಿಯ ಎಂಜಿನ್ ಮೌಂಟ್ ಬ್ರ್ಯಾಕೆಟ್‌ಗಳಿಗೂ ಹಿಂದೆ ಗೇರ್‌ಬಾಕ್ಸ್‌ನ ಬೆಲ್ ಹೌಸಿಂಗ್ (ಗಂಟೆಯಾಕಾರದ ಬಾಯಿ) ಕೂಡುವ ಬೋಲ್ಟ್ ರಂಧ್ರಗಳಿಗೂ ಉಕ್ಕಿನ ಕೋನಪಟ್ಟಿ ಬೋಲ್ಟ್ ಮಾಡಿ, ಅದನ್ನು ಪ್ಯಾಲೆಟ್‌ನ ದಪ್ಪ ತೊಲೆಗಳಿಗೆ ಬಿಗಿಯಿರಿ. ಸಂಪ್ ಕೆಳಗೆ ಎರಡು ಬೆರಳಷ್ಟು ಖಾಲಿ ಜಾಗ ಉಳಿಯಲಿ. ಬೆಲ್ಟ್ ಬಳಸುವುದಾದರೆ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಹಾಯಿಸಬೇಡಿ, ಅದು ಬಿರುಕು ಬಿಡುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬೇರೆಯೇ ಅಪಾಯ. ಎಂಜಿನ್ನಿನ ತಿರುಗುಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಕೇವಲ ಶಾಫ್ಟ್ ಮೇಲೆ ಕೂತಿರುತ್ತದೆ, ಅದನ್ನು ತಡೆಹಿಡಿಯಲು ಬೋಲ್ಟ್ ಏನೂ ಇರುವುದಿಲ್ಲ. ಬಾಕ್ಸ್ ಮುಂದಕ್ಕೆ ವಾಲಿದರೆ ಕನ್ವರ್ಟರ್ ಜಾರಿ ಬರುತ್ತದೆ. ಸೀಲ್ ಹರಿಯುತ್ತದೆ, ಪಂಪ್‌ಗೆ ಕಚ್ಚುವ ಕಚ್ಚು ಕಳಚುತ್ತದೆ. ಆಮೇಲೆ ಅದು ಪೂರ್ತಿ ಒಳಗೆ ಕೂರದಿದ್ದರೂ ಗಮನಿಸದೆ ಎಂಜಿನ್‌ಗೆ ಜೋಡಿಸಿ ಬೋಲ್ಟ್ ಬಿಗಿದರೆ ಪಂಪೇ ಒಡೆಯುತ್ತದೆ. ಪರಿಹಾರ ಸುಲಭ: ಬೆಲ್ ಹೌಸಿಂಗ್‌ನ ಬಾಯಿಗೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿಯನ್ನು ಎರಡು ಬೋಲ್ಟ್‌ಗಳಲ್ಲಿ ಕಟ್ಟಿ, ಕನ್ವರ್ಟರ್ ಹೊರಬರದಂತೆ ತಡೆಯಿರಿ. ಕಳಿಸುವವರಿಂದ ಆ ಪಟ್ಟಿಯ ಫೋಟೊ ಕೇಳಿ ಪಡೆಯುವುದು ತಪ್ಪಲ್ಲ.

ಬಾಗಿಲು ಮತ್ತು ಬಾನೆಟ್ ನಿಲ್ಲಿಸಿಯೇ ಹೋಗಬೇಕು. ಕೀಲಿನ ರಂಧ್ರಗಳಿಗೆ ಮರದ ಪಟ್ಟಿ ಬೋಲ್ಟ್ ಮಾಡಿದರೆ ಭಾರವೆಲ್ಲ ಅದರ ಮೇಲೆ ಕೂರುತ್ತದೆ, ತಗಡಿನ ಅಂಚು ನೆಲ ಮುಟ್ಟುವುದಿಲ್ಲ. ಬಾನೆಟ್‌ನ ಮೂಲೆಗಳಿಗೆ ಪೆಟ್ಟು ಬೀಳುವುದೇ ಹೆಚ್ಚು, ಅಲ್ಲಿ ದಪ್ಪ ಫೋಮ್ ಬೇಕು. ಬಣ್ಣ ಹಚ್ಚಿದ ಮೈಗೆ ಬಬಲ್ ರ‍್ಯಾಪ್ ನೇರವಾಗಿ ಸುತ್ತಬೇಡಿ. ಶಾಖಕ್ಕೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಉಳಿಯುತ್ತದೆ, ಹೊಸ ಬಣ್ಣವಾದರಂತೂ ಪಾಲಿಶ್‌ಗೂ ಹೋಗದಿರಬಹುದು. ಮೊದಲು ತೆಳು ಫೋಮ್ ಹಾಳೆ, ಅದರ ಮೇಲೆ ಬಬಲ್. ಬಂಪರ್‌ನಲ್ಲಿ ಮುರಿಯುವುದು ಮೈಯಲ್ಲ, ಎರಡು ತುದಿಗಳ ಕ್ಲಿಪ್ ಕಿವಿಗಳು. ಅವಕ್ಕೆ ಪ್ರತ್ಯೇಕವಾಗಿ ರಟ್ಟಿನ ಕವಚ ಕಟ್ಟಿ.

ವಿಂಡ್‌ಶೀಲ್ಡ್ ಮಲಗಿಸಿದರೆ ಕೆಟ್ಟಿತು. ಕಾರಿನಲ್ಲಿ ಅದು ಸುತ್ತಲೂ ಅಂಟಿನಿಂದ ಹಿಡಿದುಕೊಂಡಿರುತ್ತದೆ, ಕ್ರೇಟಿನಲ್ಲಿ ಆ ಆಸರೆ ಸಿಗುವುದಿಲ್ಲ. ಹಾಗಾಗಿ ನೆಟ್ಟಗೆ ನಿಲ್ಲಿಸಿ, ಕೆಳ ಅಂಚನ್ನು ಎರಡು ರಬ್ಬರ್ ತುಂಡುಗಳ ಮೇಲೆ ಕೂರಿಸಬೇಕು. ಅಂಚಿಗೆ ಮರವಾಗಲಿ ಮೊಳೆಯಾಗಲಿ ತಾಗಬಾರದು. ಪದರ ಗಾಜಿನ ಬಿರುಕು ಶುರುವಾಗುವುದು ಬಹುತೇಕ ಅಂಚಿನಿಂದಲೇ. ಕ್ರೇಟಿನ ತಳಕ್ಕೆ ಅಗಲ ಪಾದಗಳನ್ನು ಜೋಡಿಸಿ, ಯಾರಿಗೂ ಅದನ್ನು ಮಲಗಿಸಲು ಮನಸ್ಸು ಬಾರದಂತೆ. ‘ನಾಜೂಕು’ ಚೀಟಿಗಿಂತ ಈ ಪಾದಗಳೇ ಹೆಚ್ಚು ಕೆಲಸ ಮಾಡುತ್ತವೆ.

ತುಕ್ಕು ಸಮುದ್ರದ ನೀರಿನಿಂದ ಬರುತ್ತದೆ ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಬರುವುದು ಕಂಟೇನರಿನೊಳಗಿನ ಗಾಳಿಯಿಂದ. ಹಗಲು ಬಿಸಿಯಾಗಿ ತೇವ ಹೀರಿದ ಗಾಳಿ, ರಾತ್ರಿ ಛಾವಣಿ ತಣ್ಣಗಾದಾಗ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಸಿಲಿಂಡರ್ ಗೋಡೆ, ಬ್ರೇಕ್ ಡಿಸ್ಕ್, ಗೇರ್‌ಬಾಕ್ಸ್ ಶಾಫ್ಟ್, ಯಂತ್ರದಲ್ಲಿ ಕಡೆದ ಯಾವುದೇ ಬರಿ ಲೋಹಕ್ಕೆ ಇದೇ ಶತ್ರು. ತೆಳುವಾಗಿ ಎಣ್ಣೆ ಸವರಿ, ಎಲ್ಲ ರಂಧ್ರಗಳಿಗೂ ಮುಚ್ಚಳ ಹಾಕಿ, ವಿಸಿಐ ಚೀಲದೊಳಗೆ (ತುಕ್ಕು ತಡೆಯುವ ಆವಿ ಬಿಡುವ ಚೀಲ) ಇಟ್ಟು ಬಾಯಿ ಮುಚ್ಚಿ. ಒದ್ದೆ ಮರದ ಕ್ರೇಟ್ ಮಾಡಿದರೆ ತೇವದ ಮೂಲವನ್ನೇ ಒಳಗಿಟ್ಟಂತೆ.

ಮರದ ಮಾತು ಬಂದಾಗ ಐಎಸ್‌ಪಿಎಂ 15, ಅಂದರೆ ಮರದ ಪ್ಯಾಕಿಂಗ್ ಮೂಲಕ ಕೀಟ ಹರಡದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮದ ಬಗ್ಗೆ ಹೇಳಲೇಬೇಕು. ಬಹುತೇಕ ದೇಶಗಳು ಇಡೀ ಮರದಿಂದ ಕೊಯ್ದ ಹಲಗೆ, ತೊಲೆಗಳ ಪ್ಯಾಕಿಂಗ್‌ಗೆ ಈ ನಿಯಮ ಹಾಕುತ್ತವೆ: ಮರದ ಒಳತಿರುಳು ಸೇರಿದಂತೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಬಿಸಿ ಮಾಡಿ, ಗೋಧಿ ತೆನೆಯ ಚಿಹ್ನೆ ಮತ್ತು ಎಚ್‌ಟಿ ಅಕ್ಷರಗಳ ಮುದ್ರೆ ಒತ್ತಬೇಕು. ಮುದ್ರೆ ಇಲ್ಲದ ಒಂದು ತೊಲೆ ಸಿಕ್ಕರೂ ಹೊಗೆ ಹಾಕುವ ಖರ್ಚು ಅಥವಾ ವಾಪಸ್ ಕಳಿಸುವ ಖರ್ಚು ನಿಮ್ಮದೇ. ಪ್ಲೈವುಡ್‌ಗೆ ಈ ನಿಯಮ ಇಲ್ಲ, ಆದರೆ ಪ್ಲೈವುಡ್ ಪೆಟ್ಟಿಗೆಯ ಕೆಳಗೆ ಜೋಡಿಸಿದ ಇಡೀ ಮರದ ತೊಲೆಗೆ ಇದೆ. ಅದನ್ನೇ ಮರೆಯುವವರು ಹೆಚ್ಚು.

ಬಳಸಿದ ಭಾಗಗಳಿಗೆ ಮಣ್ಣು ಅಂಟಿರಬಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಜೈವಿಕ ತಪಾಸಣೆ ಇದರಲ್ಲಿ ಬಲು ಕಟ್ಟುನಿಟ್ಟು. ಆಸ್ಟ್ರೇಲಿಯಾಕ್ಕಾದರೆ ಹಳೆಯ ಗ್ಯಾಸ್ಕೆಟ್, ಬ್ರೇಕ್ ಲೈನಿಂಗ್, ಕ್ಲಚ್ ತಟ್ಟೆಗಳಲ್ಲಿ ಆಸ್ಬೆಸ್ಟಾಸ್ ಇದ್ದರೆ ಒಳಗೇ ಬಿಡುವುದಿಲ್ಲ. ಅಲ್ಲಿ 2003ರ ಕೊನೆಯಿಂದ ಅದಕ್ಕೆ ಪೂರ್ಣ ನಿಷೇಧವಿದೆ.

ಅಪಾಯಕಾರಿ ಸರಕಿನ ವಿಷಯ ಮುಚ್ಚಿಡಲೇಬೇಡಿ. ಪೆಟ್ರೋಲ್ ಕುಡಿದ ಎಂಜಿನ್, ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಡುವ ಸಂಖ್ಯೆಗಳಲ್ಲಿ ಯುಎನ್ 3528ರ ಅಡಿ ಬರುತ್ತದೆ. ಇಂಧನ, ಆಯಿಲ್, ಕೂಲಂಟ್ ಬಸಿದು, ಪೈಪ್ ತುದಿಗಳನ್ನು ಬಿಗಿಯಾಗಿ ಮುಚ್ಚಿ, ಹಾಗೆ ಮಾಡಿದ್ದೇವೆಂಬ ಲಿಖಿತ ಹೇಳಿಕೆ ಕೊಟ್ಟರೆ ದಾರಿ ಸಲೀಸು. ಬ್ಲಾಕಿನಲ್ಲಿ ನಿಂತ ಕೂಲಂಟ್ ರೇಡಿಯೇಟರ್ ಹೋಸ್ ಬಿಚ್ಚಿದರೆ ಹೋಗುವುದಿಲ್ಲ, ಬ್ಲಾಕಿನದೇ ಡ್ರೈನ್ ಪ್ಲಗ್ ಇದ್ದರೆ ಅದನ್ನೂ ತೆಗೆಯಬೇಕು. ಏರ್‌ಬ್ಯಾಗ್ ಮತ್ತು ಅಪಘಾತದಲ್ಲಿ ಸೀಟ್‌ಬೆಲ್ಟ್ ಬಿಗಿಯುವ ಪ್ರಿಟೆನ್ಶನರ್ ಯುಎನ್ 3268, ಅಪಾಯಕಾರಿ ಸರಕಿನ ಒಂಬತ್ತನೇ ವರ್ಗ. ಸೀಟು, ಬಾಗಿಲಿನಂಥ ಪೂರ್ಣ ಭಾಗದೊಳಗೇ ಕೂಡಿಸಿದ್ದರೆ ವಿನಾಯಿತಿ ಉಂಟು, ಬಿಡಿಯಾಗಿ ಕಳಚಿದರೆ ಇಲ್ಲ.

ಕಾಗದಪತ್ರದಲ್ಲಿ ಎಚ್‌ಎಸ್ ಕೋಡ್ (ಕಸ್ಟಮ್ಸ್ ಸರಕನ್ನು ವಿಂಗಡಿಸುವ ಸಂಖ್ಯೆ) ಸರಿ ಇರಲಿ. ಬಂಪರ್ 8708.10, ಗೇರ್‌ಬಾಕ್ಸ್ 8708.40, ಚಕ್ರ 8708.70. ಎಂಜಿನ್ ಮಾತ್ರ 8708 ಅಲ್ಲವೇ ಅಲ್ಲ: ಪೆಟ್ರೋಲ್‌ನದು 8407, ಡೀಸೆಲ್‌ನದು 8408. ಸೀಟು 9401, ದೀಪ 8512. ಇನ್‌ವಾಯ್ಸಿನಲ್ಲಿ ‘ಕಾರ್ ಪಾರ್ಟ್ಸ್’ ಎಂದಷ್ಟೇ ಬರೆದರೆ ಕಸ್ಟಮ್ಸ್ ಪೆಟ್ಟಿಗೆ ಒಡೆಸುತ್ತದೆ. ಭಾಗದ ಹೆಸರು, ಪಾರ್ಟ್ ನಂಬರ್, ಹೊಸದೋ ಹಳೆಯದೋ, ನಿಜವಾದ ಬೆಲೆ, ಎಲ್ಲ ಇರಬೇಕು. ಬೆಲೆ ಕಡಿಮೆ ತೋರಿಸಿದರೆ ದಂಡದ ಅಪಾಯವಷ್ಟೇ ಅಲ್ಲ, ಒಡೆದಾಗ ವಿಮೆ ಕೇಳುವುದೂ ಕಷ್ಟ.

ವಿಮೆಯಲ್ಲಿ ‘ಸಿಐಎಫ್ (ಬೆಲೆಯಲ್ಲೇ ವಿಮೆ, ಸಾಗಣೆ ಸೇರಿದ ವ್ಯವಹಾರ) ಇದೆ, ಚಿಂತೆ ಇಲ್ಲ’ ಎಂದು ನಂಬಬೇಡಿ. ಅಂತರರಾಷ್ಟ್ರೀಯ ಮಾರಾಟದ ಷರತ್ತುಗಳಾದ ಇನ್ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್‌ನಲ್ಲಿ ಮಾರುವವರು ಕೊಡಬೇಕಾದದ್ದು ಸರಕು ವಿಮೆಯ ಕನಿಷ್ಠ ರಕ್ಷಣೆಯಾದ ‘ಸಿ’ ಕ್ಲಾಜ್ ಮಾತ್ರ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಪರಿಹಾರ ಸಿಗುತ್ತದೆ, ಕಳವಾದರೆ ಅಥವಾ ಫೋರ್ಕ್‌ಲಿಫ್ಟ್ ತಿವಿದರೆ ಇಲ್ಲ. ಹೆಚ್ಚು ರಕ್ಷಣೆಯ ‘ಎ’ ಕ್ಲಾಜ್ ಕೇಳಿ ಮಾಡಿಸಿ. ಅದರಲ್ಲೂ ಸಾಲದ ಪ್ಯಾಕಿಂಗ್‌ನಿಂದಾದ ಹಾನಿ ಹೊರಗೇ ಉಳಿಯುತ್ತದೆ, ಆದ್ದರಿಂದ ಪ್ಯಾಕ್ ಮಾಡುವಾಗ ಹಂತ ಹಂತವಾಗಿ ಫೋಟೊ ತೆಗೆಸಿಟ್ಟುಕೊಳ್ಳಿ.

ಸರಕು ಬಂದ ದಿನ, ಸಹಿ ಹಾಕುವ ಮುಂಚೆ ಕ್ರೇಟನ್ನು ನಾಲ್ಕೂ ಕಡೆಯಿಂದ ನೋಡಿ, ಒಡೆದದ್ದು ಕಂಡರೆ ರಸೀದಿಯ ಮೇಲೇ ಬರೆಯಿರಿ. ಹೊರಗೆ ಕಾಣದ ಹಾನಿಗೆ ಹಡಗು ಸಾಗಣೆಯ ಹೇಗ್-ವಿಸ್ಬಿ ನಿಯಮದಲ್ಲಿ ಲಿಖಿತ ನೋಟಿಸ್‌ಗೆ ಸಿಗುವುದು 3 ದಿನ. ವಿಮಾನದ್ದಾದರೆ ಮಾಂಟ್ರಿಯಲ್ ಒಪ್ಪಂದದಂತೆ 14 ದಿನ. ದಾವೆಗೆ ಹಡಗಿನದ್ದಕ್ಕೆ ಒಂದು ವರ್ಷ, ವಿಮಾನದ್ದಕ್ಕೆ ಎರಡು. ಹಾನಿ ಅಳೆಯುವ ವಿಮೆಯ ಸರ್ವೇಯರ್ ಬಂದು ನೋಡುವವರೆಗೆ ಕ್ರೇಟ್, ಫೋಮ್, ಬೋಲ್ಟ್ ಯಾವುದನ್ನೂ ಎಸೆಯಬೇಡಿ.